ಕೆಂಪಿಟ್ಟಿಗೆಗೆ ಒಪ್ಪುವ ಬಣ್ಣ

"ಆ ಬ್ರಷ್ ಕೆಳಗಿಡಿ! ಇಟ್ಟಿಗೆ ಮೇಲೆ ಒಂದು ಹನಿ ಬಣ್ಣ ಬಿದ್ರೂ ನಾನು ಸುಮ್ನಿರಲ್ಲ!"

ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುವ ಮೊದಲೇ ಚೈತ್ರ ಕೂಗಿದ ರಭಸಕ್ಕೆ, ಏಣಿ ಮೇಲಿದ್ದ ಯುವಕ ಬೀಳದೆ ಉಳಿದದ್ದೇ ಪುಣ್ಯ.

ಅವನು ನಿಧಾನಕ್ಕೆ ಇಳಿದು ಬಂದ. ಕೈಯಲ್ಲಿ ಬ್ರಷ್, ಕಿವಿಯ ಮೇಲೊಂದು ಪೆನ್ಸಿಲ್. ಮುಖದಲ್ಲಿ ಮಾತ್ರ ಒಂದಿಷ್ಟೂ ಗಾಬರಿಯಿಲ್ಲ.

"ಇಟ್ಟಿಗಿ ಮುಟ್ಟಂಗಿಲ್ರಿ ಮೇಡಂ. ಸಜ್ಜಾಕ್ಕ ಸ್ಯಾಂಪಲ್ ನೋಡಾಕ ಹತ್ತಿದ್ದೆ. ಇಂಥಾ ಇಟ್ಟಿಗಿ ಮ್ಯಾಲ ಬಣ್ಣ ಬಳದ್ರ ಕೈ ಬಿದ್ದು ಹೋಗ್ತಾವ್ರಿ!"

ಜಗಳಕ್ಕೆಂದು ಚೈತ್ರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ವ್ಯರ್ಥ!

ಪಾಪ, ಅವಳ ಸಿಟ್ಟಿಗೂ ಕಾರಣವಿತ್ತು ಅನ್ನಿ. ಬಿಳೇಕಹಳ್ಳಿಯ ಆ ರಸ್ತೆಯಲ್ಲಿ ಉಳಿದಿರುವ ಕೆಂಪಿಟ್ಟಿಗೆ ಮನೆ ಅದೊಂದೇ. ಊರು ಇನ್ನೂ ಹಳ್ಳಿಯಾಗಿದ್ದಾಗ ಅವಳ ಅಪ್ಪ ಚಿಕ್ಕಬೈರಪ್ಪ, ಅಮ್ಮ ಮರಿಯಮ್ಮ ಸ್ವಂತ ಹೊಲದ ಮಣ್ಣಲ್ಲೇ ಇಟ್ಟಿಗೆ ಸುಡಿಸಿ ಕಟ್ಟಿದ ಮನೆ. ಅಮ್ಮ ತೀರಿಕೊಂಡು ಮೂರು ವರ್ಷ. ಈಗ ಅಪ್ಪನಿಗೆ ಇದ್ದಕ್ಕಿದ್ದಂತೆ ಮನೆಗೆಲ್ಲ ಬಿಳಿ ಬಣ್ಣ ಬಳಿಸುವ ಹಠ. ಚೈತ್ರ ಎರಡು ದಿನ ಊಟ ಬಿಟ್ಟ ಮೇಲೆ ಒಂದು ರಾಜಿಯಾಗಿತ್ತು. ಇಟ್ಟಿಗೆ ಹಾಗೇ ಇರಲಿ. ಕಿಟಕಿ, ಅದರ ಮೇಲಿನ ಸಜ್ಜಾ, ತಾರಸಿಯ ಪ್ಯಾರಾಪೆಟ್‌ಗೆ ಅವಳೇ ಬಣ್ಣ ಆರಿಸಲಿ.

ಆ ಕೆಲಸಕ್ಕೆ ಬಂದವನೇ ಮೌನೇಶ. ಕೊಪ್ಪಳದ ಕಡೆಯವನು. ಬಿಟಿಎಂ ಲೇಔಟ್‌ನಲ್ಲಿ ರೂಮು ಮಾಡಿಕೊಂಡು ಪೇಂಟಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತಿದ್ದ.

ಕಿಟಕಿ ಪಕ್ಕದ ಗಾರೆಯ ಮೇಲೆ ನಾಲ್ಕು ಬಣ್ಣಗಳನ್ನು ಅಂಗೈಯಗಲ ಹಚ್ಚಿ ಅವನು ಹೇಳಿದ, "ಮುಂಜಾನಿ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೀಕ ಒಮ್ಮೆ ನೋಡ್ರಿ. ಕೆಂಪಿಟ್ಟಿಗಿ ಒಂದೊಂದ್ ಹೊತ್ತಿಗೆ ಒಂದೊಂದ್ ಥರ ಇರತೈತಿ. ಮೂರೂ ಹೊತ್ತಿಗೆ ಹೊಂದಿದ್ದೇ ನಿಮ್ಮ ಬಣ್ಣ."

ಜೆ.ಪಿ. ನಗರದ ಲ್ಯಾಬ್‌ನಲ್ಲಿ ಕೆಲಸ ಮಾಡುವ ಚೈತ್ರ, ಅಂದಿನಿಂದ ಮಧ್ಯಾಹ್ನದ ಊಟಕ್ಕೂ ಮನೆಗೆ ಓಡಿ ಬರತೊಡಗಿದಳು. ಬಣ್ಣ ನೋಡೋಕೆ ಅಂತ ತನಗೆ ತಾನೇ ಹೇಳಿಕೊಂಡಳು!

"ಅಚ್ಚ ಬಿಳಿ ಹೇಗೆ?"

"ಮಧ್ಯಾಹ್ನ ಕಣ್ಣಿಗೆ ಹೊಡೀತೈತ್ರಿ."

"ಈ ಕ್ರೀಮ್?"

"ಸಂಜೀಕ ನೋಡ್ರಿ, ಕಾಮಾಲಿ ಆದವ್ರ ಹಂಗ ಕಾಣತೈತಿ."

ಚೈತ್ರ ಫಕ್ಕನೆ ನಕ್ಕುಬಿಟ್ಟಳು. "ಹಸಿರು ಬೇಡ. ಫಾರೆಸ್ಟ್ ಆಫೀಸ್ ಥರ ಆಗತ್ತೆ. ಡಾರ್ಕ್ ಗ್ರೇ ಸಖತ್ತಾಗಿದೆ ಅಲ್ವಾ?"

"ಯುಗಾದಿ ಹೊತ್ತಲ್ಲಿ ಮನೆಗೆ ಕರಿ ಬಳಿತೀರಾ?" ಒಳಗಿನಿಂದ ಚಿಕ್ಕಬೈರಪ್ಪ ಗುಡುಗಿದರು. "ನಾನಿನ್ನೂ ಬದುಕಿದ್ದೀನಿ ಕಣವ್ವ!"

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಎಷ್ಟು ದಿನವಾಯ್ತು ನಾನು ಹೀಗೆ ನಕ್ಕು... ಎಂದುಕೊಂಡ ಚೈತ್ರಳಿಗೆ ಎದೆಯೊಳಗೆ ಏನೋ ಹಗುರಾಯಿತು, ಜೊತೆಗೇ ಭಯವೂ ಆಯಿತು.

ಒಂದು ಸಂಜೆ ಅವನೇ ಕೇಳಿದ. "ನಿಮ್ಮ ಅವ್ವಗ ಯಾವ ಬಣ್ಣ ಸೇರ್ತಿತ್ರಿ?"

ಚೈತ್ರ ಅವನನ್ನು ಜಗಲಿಯ ಕಂಬದ ಹತ್ತಿರ ಕರೆದೊಯ್ದಳು. ಕೆಂಪಿಟ್ಟಿಗೆಯ ಮೇಲೆ ಒಂದರ ಮೇಲೊಂದು ಬಿಳಿ ಗೆರೆಗಳು. ಬೆರಳಲ್ಲಿ ಎಳೆದದ್ದು.

"ಎಲೆ ಅಡಿಕೆ ಸುಣ್ಣ. ಪ್ರತಿ ಯುಗಾದಿಗೂ ನನ್ನ ಇಲ್ಲಿ ನಿಲ್ಲಿಸಿ ಅಮ್ಮ ನನ್ನ ತಲೆ ಮಟ್ಟಕ್ಕೆ ಗೆರೆ ಎಳೀತಿದ್ಲು. ಹದಿನಾರಕ್ಕೇ ನಾನು ಬೆಳೆಯೋದು ನಿಂತೋಯ್ತು. ಆದ್ರೂ ಬಿಡ್ತಿರ್ಲಿಲ್ಲ. 'ಬೆಳೀದಿದ್ರೇನು, ಇದ್ರೆ ಸಾಕು' ಅಂತ ಅದೇ ಜಾಗದಲ್ಲಿ ಮತ್ತೆ ಎಳೆಯೋಳು." ಅವಳು ಮೇಲಿನ ಗೆರೆಯನ್ನು ಬೆರಳಲ್ಲಿ ಮುಟ್ಟಿದಳು. "ನನ್ನ ಹತ್ರ ಅಮ್ಮಂದು ಅಂತ ಉಳಿದಿರೋದು ಇದೊಂದೇ ಮೌನೇಶ್."

ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ನೋಡಿದ. "ಈ ಕಂಬಕ್ಕ ಒಂದು ಹನಿ ನೀರು ತಾಗಂಗಿಲ್ರಿ. ನನ್ನ ಮಾತು."

ಆ ಮಾತಿಗೇ ಅವಳು ಸೋತುಹೋದಳು. ಹೌದು, ಅಲ್ಲೇ, ಆ ಕ್ಷಣದಲ್ಲೇ!

ಆದರೆ ಬುಧವಾರ ಸಂಜೆ...

ಗೇಟು ತೆಗೆದ ಚೈತ್ರ ಅಲ್ಲೇ ಕಲ್ಲಾದಳು. ಕಂಬದಿಂದ ನೀರಿಳಿಯುತ್ತಿತ್ತು. ಇಟ್ಟಿಗೆ ಒದ್ದೆಯಾಗಿ ಕಡುಗೆಂಪಾಗಿ ಹೊಳೆಯುತ್ತಿತ್ತು. ಒಂದು ಗೆರೆಯೂ ಇರಲಿಲ್ಲ. ಪಕ್ಕದಲ್ಲಿ ಮೌನೇಶ ನಿಂತಿದ್ದ. ಅವನ ಕೈಯಲ್ಲಿ ತಂತಿ ಬ್ರಷ್!

"ಏನ್ ಮಾಡಿದ್ರಿ ನೀವು?"

ಮೌನೇಶ ಒಮ್ಮೆ ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪಾತ್ರಿ. ಹಳೇ ಇಟ್ಟಿಗಿ ಮ್ಯಾಲ ಬಿಳಿ ಉಪ್ಪು ಏಳತೈತಲ್ರಿ... ಅದು ಅಂತ ತಿಳಕೊಂಡು ಆಳುಗೋಳು ತಿಕ್ಕಿಬಿಟ್ರು. ನಾ ಹೇಳೂದು ಮರತೆ."

"ಮರೆತ್ರಾ? ನನ್ನ ಜೀವ ಇದರಲ್ಲಿದೆ ಅಂತ ತೋರಿಸಿದ್ನಲ್ಲ, ಅದನ್ನ ಮರೆತ್ರಾ?" ಅವಳು ಅಳುತ್ತಲೇ ಕಿರುಚಿದಳು. "ಬಿಡಿ, ಗೋಡೆ ಬಳಿಯೋರಿಗೆ ಇದೆಲ್ಲ ಎಲ್ಲಿಂದ ಅರ್ಥ ಆಗ್ಬೇಕು! ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡಿ."

ಅವನ ಮುಖ ಬಿಳಿಚಿತು. ಕಂಬಕ್ಕೆ ಗಾಳಿಯಾಡುವಷ್ಟು ಸಡಿಲವಾಗಿ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಕಟ್ಟಿದ. "ಒಣಗೂತನಕ ಇದನ್ನ ಬಿಚ್ಚಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಟುಹೋದ.

ಮುಂದಿನ ದಿನಗಳಲ್ಲಿ ಚೈತ್ರ ಹಿಂಬಾಗಿಲಿನಿಂದಲೇ ಓಡಾಡಿದಳು. ಆ ಕಂಬ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಅವನು ಬರುತ್ತಿದ್ದ, ಅವಳು ಬರುವಷ್ಟರಲ್ಲಿ ಇರುತ್ತಿರಲಿಲ್ಲ. ಊಟಕ್ಕೆ ಮನೆಗೆ ಬರುವುದನ್ನೂ ಅವಳು ಬಿಟ್ಟಳು. ನಾನೇ ತಾನೇ ಕಣ್ಣಿಗೆ ಬೀಳಬೇಡ ಅಂದದ್ದು? ಮತ್ತೆ ಯಾಕೆ ಗೇಟಿನ ಸದ್ದಾದರೆ ಎದೆ ಹೊಡೆದುಕೊಳ್ಳುತ್ತೆ? ದ್ವೇಷ ಮಾಡೋಕೂ ಆಗ್ತಿಲ್ಲವಲ್ಲ ದೇವರೇ!

ಯುಗಾದಿ ಬಂತು. ಮಧ್ಯಾಹ್ನ ಅಪ್ಪನಿಗೆ ಹೋಳಿಗೆ ಬಡಿಸಿ, ಆ ಬುಧವಾರದ ನಂತರ ಮೊದಲ ಸಲ ಚೈತ್ರ ಎದುರು ಕೂತಳು. ಚಿಕ್ಕಬೈರಪ್ಪ ಚಮಚ ತೆಗೆದುಕೊಂಡರು.

ಜೀವಮಾನದಲ್ಲಿ ಚಮಚದಲ್ಲಿ ಉಂಡವರಲ್ಲ ಅವರು!

"ಕೈ ತೋರ್ಸಪ್ಪ."

"ಏನಿಲ್ಲ ಬಿಡು."

ಅವಳು ಬಲವಂತವಾಗಿ ಕೈ ಎಳೆದು ನೋಡಿದಳು. ಬೆರಳ ಗೆಣ್ಣುಗಳ ಚರ್ಮವೆಲ್ಲ ತರಚಿ ಕಪ್ಪು ಹಕ್ಕಳೆ ಕಟ್ಟಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಇಟ್ಟಿಗೆಯ ಕೆಂಪು ಹುಡಿ. ಚೈತ್ರಳಿಗೆ ಎಲ್ಲ ಒಮ್ಮೆಲೇ ಹೊಳೆಯಿತು.

"ಅಪ್ಪ... ನೀನಾ?"

ಚಿಕ್ಕಬೈರಪ್ಪ ಹೋಳಿಗೆಯ ಎಲೆ ಬದಿಗೆ ಸರಿಸಿದರು.

"ಬೆಳಗೆದ್ದು ಬಾಗಿಲು ತೆಗೆದ್ರೆ ಅವಳ ಬೆರಳೇ ಕಾಣತ್ತೆ ಕಣವ್ವ. ಮೂರು ವರ್ಷ ತಡ್ಕೊಂಡೆ. ಮನೆಗೆಲ್ಲ ಬಿಳಿ ಬಳಿಸಿದ್ರೆ ಅದೂ ಮುಚ್ಚೋಗತ್ತೆ ಅಂತಿದ್ದೆ, ನೀನು ಬಿಡ್ಲಿಲ್ಲ. ಅವತ್ತು ಏನೋ ಬುದ್ಧಿಗೆಟ್ಟು ನೀರು ಹುಯ್ದು ತಿಕ್ಕಿಬಿಟ್ಟೆ. ಆ ಹುಡುಗ ಓಡಿ ಬಂದು ಬ್ರಷ್ ಕಿತ್ಕೊಂಡ. ಅಷ್ಟರಲ್ಲಿ ನೀನು ಬಂದೆ... ನಾನು ಒಳಗೆ ಹೋಗಿ ಬಚ್ಚಿಟ್ಕೊಂಡೆ. ಆಮೇಲೆ, ನಿನಗೆ ಹೇಳ್ಬೇಡ ಅಂತ ಅವನಿಗೆ ಕೈ ಮುಗಿದೆ ಕಣೆ."

ಚೈತ್ರ ಅಪ್ಪನ ಕೈಗೆ ಮುಖವಿಟ್ಟು ಅತ್ತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಪ್ಪನೂ ತನ್ನ ಹಾಗೇ ಒಬ್ಬರೇ ಅಳುತ್ತಿದ್ದರೆಂದು ಮೂರು ವರ್ಷ ಅವಳಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಫೋನ್ ಮಾಡಿದಳು. "ಮೌನೇಶ್, ಎಲ್ಲಿದ್ದೀರಾ? ಈಗ್ಲೇ ಬನ್ನಿ. ದಯವಿಟ್ಟು..."

ಅರ್ಧ ಗಂಟೆಯಲ್ಲಿ ಅವನು ಗೇಟಿನಲ್ಲಿದ್ದ. ಒಳಗೆ ಬರದೆ ಅಲ್ಲೇ ನಿಂತ.

"ಯಾಕೆ ಸುಳ್ಳು ಹೇಳಿದ್ರಿ? ನಾನು ಅಷ್ಟು ಕೆಟ್ಟದಾಗಿ ಬೈದ್ರೂ ಯಾಕೆ ಸುಮ್ನಿದ್ರಿ?"

"ನನ್ನ ಬೈದ್ರ ಇನ್ನೊಂದ್ ಮನಿ ಬಣ್ಣಕ್ಕ ಹೋಗ್ತೀನ್ರಿ. ನಿಮಗ ಇರಾವ್ರು ಅಪ್ಪ ಒಬ್ಬರ. ಅವ್ರ ಮ್ಯಾಲ ಸಿಟ್ಟಾದ್ರ ನೀವೆಲ್ಲಿ ಹೋಗ್ತಿದ್ರಿ?"

ಮೌನೇಶ ಕಂಬದ ಹಗ್ಗ ಬಿಚ್ಚಿ ಪ್ಲಾಸ್ಟಿಕ್ ಸರಿಸಿದ.

"ಬರ್ರಿ, ನೋಡ್ರಿ. ಸುಣ್ಣ ಇಟ್ಟಿಗಿಯೊಳಗ ಇಳದಿತ್ತು. ತೊಯ್ದಾಗ ಕಾಣಂಗಿಲ್ಲ, ಒಣಗಿದ್ರ ಮತ್ತ ಕಾಣತೈತಿ. ಅದಕ್ಕ, ಒಣಗೂತನಕ ಯಾರೂ ಮತ್ತ ಮುಟ್ಟಬಾರದಂತ ಮುಚ್ಚಿದ್ದೆ. ನಿಮ್ಮಪ್ಪ ಕೆಳಗಿನವು ಭಾಳ ತಿಕ್ಕ್ಯಾರ, ಅವು ಹೋದ್ವು. ಮ್ಯಾಲಿನವು ಅದಾವು."

ಇದ್ದವು! ಮಸುಕಾಗಿದ್ದರೂ ಅಮ್ಮನ ಬೆರಳಿನ ಐದಾರು ಗೆರೆಗಳು ಅಲ್ಲೇ ಇದ್ದವು. ಚೈತ್ರ ಅವುಗಳ ಮೇಲೆ ಬೆರಳಾಡಿಸಿ ಬಿಕ್ಕಿದಳು.

ಆಗ ಅವಳ ಕಣ್ಣಿಗೆ ಕಿಟಕಿ ಪಕ್ಕದಲ್ಲಿ ಐದನೆಯ ಸ್ಯಾಂಪಲ್ ಬಿತ್ತು. ಅಚ್ಚ ಬಿಳಿಯಲ್ಲ, ಕ್ರೀಮೂ ಅಲ್ಲ. ಇಟ್ಟಿಗೆಯ ಕೆಂಪು ಒಂಚೂರು ಬೆರೆತ ಸುಣ್ಣದ ಬಣ್ಣ.

"ಇದು ಯಾವಾಗ ಹಚ್ಚಿದ್ರಿ?"

"ಶುಕ್ರವಾರ. ಈ ಗೆರಿ ನೋಡಿ ಕಲಸೀನ್ರಿ. ಮೂರೂ ಹೊತ್ತಿಗೆ ಹೊಂದೈತಿ."

"ಇದೇ ಇರ್ಲಿ." ಅವಳು ಅವನ ಕಡೆ ತಿರುಗಿದಳು. "ಮೌನೇಶ್, ನಿಮ್ಮನ್ನ ಕಳ್ಸಿ ನಾನು ಒಂದು ದಿನಾನೂ ನೆಮ್ಮದಿಯಾಗಿರ್ಲಿಲ್ಲ. ಕೆಲಸ ಮುಗಿದ್ಮೇಲೂ ಹೊರಟುಹೋಗ್ಬೇಡಿ. ನೀವಂದ್ರೆ ನನಗಿಷ್ಟ."

ಮೌನೇಶನ ಕಣ್ಣು ತುಂಬಿತು. "ನಾ ಗೋಡಿ ಬಳಿಯಾಂವ್ರಿ..."

"ಅವತ್ತು ನಾನಾಡಿದ ಆ ಮಾತಿಗೆ ಬೇಕಾದ್ರೆ ನನ್ನ ಕೆನ್ನೆಗೆ ಹೊಡೀರಿ. ಮತ್ತೆ ಮಾತ್ರ ನೆನಪಿಸ್ಬೇಡಿ."

ಬಾಗಿಲಲ್ಲಿ ಕೆಮ್ಮಿದ ಸದ್ದು. ಚಿಕ್ಕಬೈರಪ್ಪ ಮೂರು ವರ್ಷ ತಾವೇ ಬಚ್ಚಿಟ್ಟಿದ್ದ ಅಮ್ಮನ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದರು. ಮಗಳನ್ನು ಕಂಬಕ್ಕೆ ಒರಗಿಸಿ, ತರಚಿದ ಬೆರಳಲ್ಲೇ ಅವಳ ತಲೆಯ ಮಟ್ಟಕ್ಕೆ ಒಂದು ಗೆರೆ ಎಳೆದರು. ಆಮೇಲೆ ಮೌನೇಶನನ್ನು ನೋಡಿದರು.

"ನೀನೂ ಬಾರಪ್ಪ. ನಿಂತ್ಕೊ."

"ನಾನ್ಯಾಕ್ರಿ ಯಜಮಾನ್ರ?"

"ಈ ಮನೆ ಮಕ್ಕಳು ನಿಲ್ಲೋ ಜಾಗ ಇದು. ಬಾ ಅಂದ್ರೆ ಬಾ."

ಗೆರೆ ಎಳೆದು, ಹೋಳಿಗೆ ಬಿಸಿ ಮಾಡುವ ನೆಪದಲ್ಲಿ ಅವರು ಒಳಗೆ ಹೋದರು. ಅವಳ ಗೆರೆಯಿಂದ ಒಂದು ಗೇಣು ಮೇಲೆ ಅವನದು ಇನ್ನೂ ಹಸಿಯಾಗಿತ್ತು.

"ಮುಂದಿನ ಯುಗಾದಿಗೂ ಇಲ್ಲಿ ನಿಲ್ತೀರಾ?" ಚೈತ್ರ ಮೆಲ್ಲಗೆ ಕೇಳಿದಳು.

"ನಾ ಇನ್ನ ಬೆಳೆಯಂಗಿಲ್ರಿ ಚೈತ್ರಾ."

"ಬೆಳೀದಿದ್ರೇನು," ಅವಳು ಅವನ ಕೈ ಹಿಡಿದುಕೊಂಡಳು. "ಇದ್ರೆ ಸಾಕು."