ಅಜೈಬಾದಲ್ಲಿ ಸುಮ್ಮನೆ ನಡೆದವರು

ಮದುವೆಯಾಗಿ ಏಳು ತಿಂಗಳಾದರೂ ನನ್ನ ಗಂಡನ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಹೆಸರು ಮಹ್ರೂಫ್. ಮಸ್ಕತ್ತಿನ ಒಂದು ಮಾರ್ಬಲ್ ಕಂಪನಿಯಲ್ಲಿ ಸೂಪರ್‌ವೈಸರ್. ಮೀನಿನ ತಲೆ ಇಷ್ಟ. ಫೋನಿನಲ್ಲಿ ಮೊದಲ ಮಾತು "ಊಟ ಆಯ್ತಾ?", ಕೊನೆಯ ಮಾತು "ಸರಿ, ಇಡ್ತೇನೆ." ಮದುವೆಯಾದ ಹದಿನೆಂಟನೆಯ ದಿನಕ್ಕೆ ರಜೆ ಮುಗಿಸಿ ವಿಮಾನ ಹತ್ತಿದವರು. ಕೊನೆಗೆ ಡಿಸೆಂಬರಿನಲ್ಲಿ ಒಂದು ತಿಂಗಳ ವಿಸಿಟ್ ವೀಸಾದಲ್ಲಿ ನಾನೇ ಬಂದೆ.

ಬಂದ ಮೇಲೂ ಅವರು ನನ್ನ ಕೈಗೆ ಸಿಗಲಿಲ್ಲ. ಇಲ್ಲಿ ಚಳಿಗಾಲವೆಂದರೆ ತಿರುಗಾಟದ ಕಾಲ. ಪ್ರತಿ ಶುಕ್ರವಾರ ನಾಲ್ಕು ಸಂಸಾರ, ಮೂರು ಕಾರು, ಒಂದು ದೊಡ್ಡ ಪಾತ್ರೆ ಬಿರಿಯಾನಿ. ನಿಜ್ವಾದ ಕೋಟೆ ನೋಡಿದೆವು, ಜಬಲ್ ಶಮ್ಸ್ ಬೆಟ್ಟದ ಮೇಲೆ ಹಲ್ಲು ಕಟಕಟಿಸಿದೆವು. ಎಲ್ಲಿ ಹೋದರೂ ಗಂಡಸರು ಮುಂದೆ, ನಾವು ಹೆಂಗಸರು ಮಕ್ಕಳ ಮೂಗು ಒರೆಸುತ್ತಾ ಹಿಂದೆ. ನನ್ನ ಗಂಡನ ಬೆನ್ನು ಮಾತ್ರ ನನಗೆ ಚೆನ್ನಾಗಿ ಪರಿಚಯವಾಯಿತು.

ಬರುವ ಶುಕ್ರವಾರ ನನ್ನ ವಾಪಸು ಟಿಕೆಟ್. ಉಪ್ಪಿನಂಗಡಿಯ ಅತ್ತೆ ಮನೆಯಲ್ಲಿ ಮುಂದಿನ ರಜೆಯ ತನಕ ನಾನು ಇರಬೇಕೆಂದು ಹಿರಿಯರು ಮಾತಾಡಿಕೊಂಡಾಗಿತ್ತು. ಫ್ಯಾಮಿಲಿ ವೀಸಾ ಮಾಡಿಸಲು ಅಡ್ಡಿಯೇನೂ ಇರಲಿಲ್ಲ. ಇವರು ಬಾಯಿ ಬಿಟ್ಟು ಒಂದು ಮಾತು ಆಡಬೇಕಿತ್ತು, ಅಷ್ಟೆ. ಆಡಲಿಲ್ಲ. ನಾನು ಬೇಡವೆಂದೋ, ಬಾಯಿ ಬರಲಿಲ್ಲವೆಂದೋ? ಅದನ್ನು ತಿಳಿಯದೆ ಹೊರಡುವುದು ನನಗೆ ಸಂಕಟ. ನಾನಾಗಿ ಕೇಳೋಣವೆಂದರೆ ನನಗೆ ಸೊಕ್ಕು.

ಮಂಗಳವಾರ ಸಂಜೆ ಇವರು ಬೇಗ ಬಂದರು. ಸ್ನಾನ ಮಾಡಿ, ಮದುವೆಯ ದಿನದ ಬ್ಲೇಜರ್ ಹಾಕಿಕೊಂಡು ನನ್ನೆದುರು ನಿಂತರು.

"ಎಲ್ಲಿಗೆ?" ಎಂದೆ.

"ಎಲ್ಲಿಗೂ ಇಲ್ಲ. ನೀನೂ ಒಳ್ಳೆ ಡ್ರೆಸ್ ಹಾಕು. ಸುಮ್ನೆ ನಡೀಲಿಕ್ಕೆ."

"ಎಂತ ತರ್ಲಿಕ್ಕೆ?"

"ಎಂತದೂ ಇಲ್ಲ ಮಾರಾಯ್ತಿ. ಚೀಲ ಸಹ ಬೇಡ."

ಮೆಟ್ಟಿಲಿಳಿಯುವಾಗ ವಿಷಯ ಹೊರಬಿತ್ತು. ಕಂಪನಿಯ ಹೊಸ ಮೆಷಿನ್ ಕೂರಿಸಲು ಇಟಲಿಯಿಂದ ಫುಲ್ವಿಯೊ ಎಂಬವನು ಬಂದಿದ್ದ. ಈ ಚಳಿಗಾಲದಲ್ಲಿ ಹೆಂಡತಿಯನ್ನು ಎಲ್ಲೆಲ್ಲಿ ಸುತ್ತಿಸಿದೆ ಎಂದು ಕೇಳಿದನಂತೆ. ಇವರು ಹೆಮ್ಮೆಯಿಂದ ಫೋಟೊ ತೋರಿಸಿದ್ದಾರೆ.

"ಹದಿನಾರು ಜನರ ಫೋಟೊ ನೋಡಿ, ಇದ್ರಲ್ಲಿ ಹೆಂಡತಿ ಯಾರು ಅಂತ ಕೇಳಿದ," ಎಂದರು. ಮುಖ ಕೆಂಪಾಗಿತ್ತು.

ಫುಲ್ವಿಯೊನ ಊರಿನಲ್ಲಿ ಚಳಿಗಾಲದ ಸಂಜೆ ಗಂಡ ಹೆಂಡತಿ ಒಳ್ಳೆಯ ಬಟ್ಟೆ ಹಾಕಿಕೊಂಡು, ತೋಳು ಹಿಡಿದು, ಒಂದೇ ಬೀದಿಯಲ್ಲಿ ಅತ್ತಿಂದಿತ್ತ ನಡೆಯುತ್ತಾರಂತೆ. ಅದಕ್ಕೊಂದು ಹೆಸರೂ ಇದೆ, ಪಸ್ಸೆಜ್ಜಾತ. ನಡೆದು ದಣಿದರೆ ಗಂಜಿಯಷ್ಟು ದಪ್ಪದ ಬಿಸಿ ಚಾಕೊಲೇಟ್ ಕುಡಿಯುವುದು. ಅವನೂ ಅವನ ಹೆಂಡತಿಯೂ ಪ್ರತಿ ತಿರುವಿನಲ್ಲಿ ಒಂದೊಂದು ಪ್ರಶ್ನೆ ಕೇಳಿಕೊಳ್ಳುತ್ತಾರಂತೆ, ಉತ್ತರ ಗೊತ್ತಿಲ್ಲದ ಪ್ರಶ್ನೆ.

ನನಗೆ ಕುತೂಹಲ ಹತ್ತಿತು. ಶಾಲು ಹೊದ್ದುಕೊಂಡೆ. ಹೊರಗೆ, ನಮ್ಮ ಅಜೈಬಾ ಬಡಾವಣೆಯ ಬೀದಿಯಲ್ಲಿ, ಹಿತವಾದ ತಂಗಾಳಿ. ಇವರು ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿ, ನನ್ನನ್ನು ನೋಡದೆ, ಎದುರಿನ ಲಾಂಡ್ರಿಯ ಬೋರ್ಡನ್ನು ಓದತೊಡಗಿದರು. ಆ ಮೊಣಕೈ ನನಗೆಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ಹಿಡಿದೆ. ಅವರ ತೋಳು ಮರದಂತೆ ಬಿಗಿದುಕೊಂಡಿತ್ತು.

ಮೊದಲ ತಿರುವು ಅವರದ್ದು.

"ಸಣ್ಣದಿರುವಾಗ ನಿಂಗೆ ಎಂತದ್ರ ಹೆದರಿಕೆ?"

"ಪಕ್ಕದ ಮನೆಯ ಟರ್ಕಿ ಕೋಳಿ. ಮದ್ರಸಕ್ಕೆ ಹೋಗುವಾಗ ದಿನಾ ಅಟ್ಟಿಸಿಕೊಂಡು ಬರ್ತಿತ್ತು."

ಅವರು ಜೋರಾಗಿ ನಕ್ಕರು. ಎಡಗಡೆ ಒಂದು ಹಲ್ಲು ಸೊಟ್ಟ ಇರುವುದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಏಳು ತಿಂಗಳಲ್ಲಿ ಇಷ್ಟು ಹತ್ತಿರದಿಂದ ಆ ನಗು ನೋಡಿರಲಿಲ್ಲ.

ಎರಡನೆಯದು ನನ್ನದು. "ಮದುವೆಗೆ ಮೊದ್ಲು ನನ್ನ ಫೋಟೊ ಕಳಿಸಿದ್ರಲ್ಲ, ಎಷ್ಟು ಸಲ ನೋಡಿದ್ರಿ?"

"ಒಮ್ಮೆ."

"ಒಮ್ಮೆಯಾ?"

"ತೆಗೆದದ್ದು ಒಮ್ಮೆ. ಮತ್ತೆ ಇಡ್ಲೇ ಇಲ್ಲ."

ಶಾಲನ್ನು ಸರಿಪಡಿಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದೆ. ಅವರ ತೋಳು ಈಗ ಸಡಿಲವಾಗಿತ್ತು. ಮೂರನೆಯ ತಿರುವಿಗೆ ನಾನು ಗಟ್ಟಿ ಮನಸ್ಸು ಮಾಡಿದೆ. ಶುಕ್ರವಾರದ ಮಾತನ್ನು ಕೇಳಿಯೇಬಿಡುವುದೆಂದು.

ಅಷ್ಟರಲ್ಲಿ ಒಂದು ಕಾರು ನಮ್ಮ ಪಕ್ಕದಲ್ಲಿ ನಿಂತಿತು. ಒಳಗೆ ನಮ್ಮೂರಿನ ಸಿದ್ದೀಕಾಕ, ಪಕ್ಕದಲ್ಲಿ ಅವರ ಹೆಂಡತಿ ಸುಹೈಲಾ.

"ಎಂತ ಮಾರಾಯ, ನಡ್ಕೊಂಡು? ಗಾಡಿ ಹಾಳಾಯ್ತಾ?"

ಅವರದ್ದೂ ತಪ್ಪಲ್ಲ. ಇಲ್ಲಿ ನಮ್ಮವರು ಹಾಲು ತರಲಿಕ್ಕೂ ಕಾರು ತೆಗೆಯುವವರು. ಹೆಂಡತಿಯೊಟ್ಟಿಗೆ ಬ್ಲೇಜರ್ ಹಾಕಿಕೊಂಡು ನಡೆಯುವವನಿಗೆ ಏನೋ ಕಷ್ಟ ಬಂದಿರಲೇಬೇಕು. ಆದರೆ ನನ್ನ ಗಂಡ ಮಾಡಿದ್ದು ನೋಡಿ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ನನ್ನ ಕೈ ಕೊಡವಿ, "ಹೌದು ಸಿದ್ದೀಕಾಕ, ಬ್ಯಾಟರಿ ಡೌನ್," ಎಂದುಬಿಟ್ಟರು.

"ಹತ್ತಿ, ಬಿಡ್ತೇನೆ."

"ಬೇಡ ಬೇಡ, ಮನೆ ಇಲ್ಲೇ ಅಲ್ವಾ."

ಕಾರು ಹೋಯಿತು. ನನಗೆ ಕೆಂಡದಂಥ ಕೋಪ ಬಂತು. ಸ್ವಂತ ಹೆಂಡತಿಯ ಕೈ ಹಿಡಿಯಲು ನಾಚಿಕೆಪಡುವವರು ಅವಳನ್ನು ಇಟ್ಟುಕೊಳ್ಳಲು ಯಾರನ್ನು ಎದುರಿಸಿಯಾರು? ನಾನು ಮುಂದಿನ ತಿರುವಿನಲ್ಲಿ ಏನೂ ಕೇಳಲಿಲ್ಲ. ಅವರಿಗೂ ಪ್ರಶ್ನೆ ಹೊಳೆಯಲಿಲ್ಲ. ದಪ್ಪ ಚಾಕೊಲೇಟ್ ಎಲ್ಲಿ ಸಿಗಬೇಕು, ಟೀ ಅಂಗಡಿಯ ಹೊರಗೆ ನಿಂತು ಏಲಕ್ಕಿ ಹಾಕಿ ಕುದಿಸಿದ ಎರಡು ಕರಕ್ ಚಹಾ ತೆಗೆದುಕೊಂಡೆವು.

ಅರ್ಧ ಲೋಟ ಕುಡಿದಿರಲಿಲ್ಲ. ನಮ್ಮ ಗಾಡಿ ಹಾಳಾದ ಸುದ್ದಿಯನ್ನು ಸಿದ್ದೀಕಾಕ ಊರಿನವರ ವಾಟ್ಸಪ್ ಗ್ರೂಪಿನಲ್ಲಿ ಹಾಕಿದ್ದರು. ನಮ್ಮ ಶುಕ್ರವಾರದ ತಂಡದ ಅದ್ದು ಅಂಗಡಿಯೆದುರು ಕಾರು ನಿಲ್ಲಿಸಿ, ಬ್ಯಾಟರಿಗೆ ಜೋಡಿಸುವ ಜಂಪರ್ ಕೇಬಲ್ ಹಿಡಿದು ಇಳಿದ. ಅವನ ಹಿಂದೆ ಕಾರಿನ ಬಿಡಿಭಾಗಗಳ ಅಂಗಡಿಯ ಹಂಝಾಕ, ಎರಡೂ ಕೈಯಲ್ಲಿ ಹೊಸ ಬ್ಯಾಟರಿ ಎತ್ತಿಕೊಂಡು. ಆಮೇಲೆ ಸಿದ್ದೀಕಾಕ ಕೂಡ ತಿರುಗಿ ಬಂದರು.

"ಯಲ್ಲಾ, ಬಾ ಮಹ್ರೂಫ್, ಗಾಡಿ ಎಲ್ಲುಂಟು?" ಎಂದರು ಹಂಝಾಕ.

ಗಾಡಿ ನಮ್ಮ ಬಿಲ್ಡಿಂಗಿನ ಕೆಳಗೆ ಕಲ್ಲುಗುಂಡಿನ ಹಾಗಿತ್ತು. ಇವರು ಲೋಟ ನೋಡಿದರು, ಬ್ಯಾಟರಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಸಹಾಯ ಮಾಡಲಿಲ್ಲ.

"ಗಾಡಿಗೆ ಎಂತದೂ ಆಗ್ಲಿಲ್ಲ," ಎಂದರು. "ಸುಳ್ಳು ಹೇಳಿದೆ. ನಾನು ಇವಳೊಟ್ಟಿಗೆ ಸುಮ್ನೆ ನಡೀತಿದ್ದೆ. ಹೇಳ್ಲಿಕ್ಕೆ ನಾಚಿಕೆ ಆಯ್ತು."

ಇವರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಶುಕ್ರವಾರ ಇವಳು ಹೋಗ್ತಾಳೆ. ನಂಗೆ ಇವಳನ್ನು ಕಳಿಸ್ಲಿಕ್ಕೆ ಮನಸ್ಸಿಲ್ಲ ಹಂಝಾಕ."

ಅದ್ದು ತಲೆ ತಗ್ಗಿಸಿ ಕೇಬಲ್ ಸುತ್ತತೊಡಗಿದ. ಸಿದ್ದೀಕಾಕ ಕೆಮ್ಮಿದರು. "ಖಲಾಸ್. ನಡೀರಿ ಎಲ್ರೂ," ಎಂದ ಹಂಝಾಕ ಎರಡು ಹೆಜ್ಜೆ ಹೋಗಿ ತಿರುಗಿದರು. "ಬ್ಯಾಟರಿ ಬೇಡ ಅಲ್ವಾ? ಖಂಡಿತ?"

ಮೂರೂ ಕಾರು ಹೊರಟ ಮೇಲೆ ನಾನು ಹೇಳಿದೆ, "ಇದನ್ನು ನೀವು ಹಂಝಾಕನಿಗೆ ಹೇಳಿದ್ದು. ನಂಗೆ ಹೇಳ್ಲಿಲ್ಲ."

"ನೀನು ದಿನಾ ಬೆಳಿಗ್ಗೆ ಇನ್ನೆಷ್ಟು ದಿನ ಉಂಟು ಅಂತ ಹೇಳ್ತಿದ್ದೆ. ಊರಿಗೆ ಹೋಗುವ ಅವಸರ ಅಂತ ತಿಳ್ಕೊಂಡೆ."

"ಕಮ್ಮಿ ಆಗ್ತಾ ಬಂತಲ್ಲ ಅಂತ ಹೇಳ್ತಿದ್ದದ್ದು," ಎಂದೆ.

ಇವರು ಲೋಟ ಕೆಳಗಿಟ್ಟರು. "ಹೋಗ್ಬೇಡ ಹಸೀಬಾ," ಎಂದರು. ನಾನು ಉತ್ತರ ಕೊಡುವ ಮೊದಲೇ ಫೋನು ತೆಗೆದು, ಅಂಗಡಿಯ ಎದುರೇ ನಿಂತು ಊರಿನಲ್ಲಿರುವ ತಾಯಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿದರು.

"ಉಮ್ಮಾ, ಹಸೀಬಾ ಇಲ್ಲೇ ಇರ್ಲಿ. ವೀಸಾದ ಕೆಲ್ಸ ನಾಳೆಯೇ ಶುರು ಮಾಡ್ತೇನೆ."

ಆಚೆ ಕಡೆ ಟಿವಿಯ ಸದ್ದು ನಿಂತಿತು. "ಅವಳನ್ನು ಕೇಳಿದ್ಯಾ?"

ಇವರು ನನ್ನ ಮುಖ ನೋಡಿದರು.

"ಫೋನ್ ಅವಳಿಗೆ ಕೊಡು. ಹಸೀಬಾ, ನಿಂಗೆ ಅಲ್ಲಿ ಇರ್ಲಿಕ್ಕೆ ಮನಸ್ಸುಂಟಾ ಮೋಳೆ?"

ಮಗಳೇ ಎಂದು ಕರೆದು ಅತ್ತೆ ಕೇಳಿದ್ದು ಇಷ್ಟು ದಿನ ಯಾರೂ ಕೇಳದ ಮಾತು. ನನ್ನ ಸೊಕ್ಕೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಉಂಟು ಉಮ್ಮಾ," ಎಂದೆ. "ತುಂಬ ಮನಸ್ಸುಂಟು. ಇವರನ್ನು ಬಿಟ್ಟು ಬರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಫೋನ್ ಇಟ್ಟಾಗ ಇವರು ಆ ಸೊಟ್ಟ ಹಲ್ಲು ಕಾಣುವ ಹಾಗೆ ನಗುತ್ತಿದ್ದರು.

"ನೀನೂ ಉಮ್ಮನಿಗೆ ಹೇಳಿದ್ದಲ್ವಾ?" ಎಂದರು. "ನಂಗೆ ಹೇಳ್ಲಿಲ್ಲ."

ಆಗ ಅವರಿಗೇ ಹೇಳಿದೆ.