ಕೆಂಚಮ್ಮನ ಎಡ ಹೆಬ್ಬೆಟ್ಟು

2009ರ ಫೆಬ್ರವರಿ 9, ಬೆಳಿಗ್ಗೆ ಹನ್ನೊಂದು ಗಂಟೆ. ಪಿಂಚಣಿ ವಿಭಾಗದ ಗುಮಾಸ್ತರೊಬ್ಬರು ಠಾಣೆಗೆ ಬಂದು ಸಬ್ ಇನ್ಸ್‌ಪೆಕ್ಟರ್ ಪ್ರತಾಪ್ ಅವರ ಮೇಜಿನ ಮೇಲೆ ದೂರು ಇಟ್ಟರು. ಜತೆಗೊಂದು ಮೂಗರ್ಜಿ. ಮರ ಬಿದ್ದು ಬಲಗಾಲು ಕಳೆದುಕೊಂಡ ಲಕ್ಕಯ್ಯ ಎಂಬಾತ, ದುಡಿಯಲಾರೆನೆಂದು ಬರೆದುಕೊಟ್ಟು ಅಂಗವಿಕಲರ ಮಾಸಾಶನವನ್ನೂ ಸರ್ಕಾರದ ಆರೋಗ್ಯ ವಿಮೆಯ ಕಾರ್ಡನ್ನೂ ಪಡೆದಿದ್ದಾನೆ. ಈಗ ಹೊಂಗಡಹಳ್ಳದ ದಾರಿಯ ಎಸ್ಟೇಟೊಂದರಲ್ಲಿ ಗುಟ್ಟಾಗಿ ಕೂಲಿ ಮಾಡುತ್ತಿದ್ದಾನೆ. ಇಷ್ಟೇ ವಿಷಯ.

ಹಿಂದಿನ ವಾರ ಮೂರು ತೋಟಗಳಲ್ಲಿ ಮೆಣಸು ಕಳವಾಗಿ ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ. ಅದನ್ನೆಲ್ಲ ಬಿಟ್ಟು, ಒಂಟಿ ಕಾಲಿನವನು ಕೆಲಸ ಮಾಡುತ್ತಾನೆಂದು ಹಿಡಿಯಲು ಹೋಗಬೇಕಲ್ಲ ಎಂದು ಪ್ರತಾಪ್‌ಗೆ ಮೈಯೆಲ್ಲ ಉರಿಯಿತು. ಉರಿದರೇನು, ದೂರು ಬಂದ ಮೇಲೆ ಮುಗಿಯಿತು. ಭಾ.ದಂ.ಸಂ. 420ರಡಿ ವಂಚನೆಯ ಎಫ್.ಐ.ಆರ್. ದಾಖಲಾಯಿತು.

ಮರುದಿನ ಹತ್ತೂವರೆಗೆ ಪ್ರತಾಪ್ ಹೆಡ್ ಕಾನ್‌ಸ್ಟೆಬಲ್ ಸಿದ್ದಯ್ಯನೊಂದಿಗೆ ಎಸ್ಟೇಟಿಗೆ ಹೋದರು. ಸ್ಟೋರಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಕಾಫಿ ಬೀಜ ಆರಿಸುತ್ತಿದ್ದರು. ಕೊನೆಯ ಚಾಪೆಯ ಮುಂದೆ ಅರ್ಧ ಆರಿಸಿದ ರಾಶಿಯಿತ್ತು, ಆರಿಸುವವರು ಇರಲಿಲ್ಲ.

"ಇಲ್ಲಿ ಯಾರು ಕೂರೋದು?"

"ಕೆಂಚಮ್ಮ ಸಾರ್. ಹುಷಾರಿಲ್ಲ ಅಂತ ಈಗ್ತಾನೆ ಹೋಗ್ಬುಟ್ಲು," ಎಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಾಮಯ್ಯ.

"ಲಕ್ಕಯ್ಯ ಎಲ್ಲಿ?"

"ಗಂಡಸ್ರನ್ನ ಬೀಜ ಆರ್ಸೋಕೆ ಕೂರ್ಸಲ್ಲ ಸಾರ್. ಬೇಕಾದ್ರೆ ಪುಸ್ತಕ ನೋಡಿ."

ಹಾಜರಿ ಪುಸ್ತಕದಲ್ಲಿ ಲಕ್ಕಯ್ಯನ ಹೆಸರಿರಲಿಲ್ಲ. ಸಂಬಳ ಪಡೆದ ಹೆಂಗಸರ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ರಾಮಯ್ಯ ಮುದ್ದಾದ ಅಕ್ಷರದಲ್ಲಿ 'ಬಲ ಹೆಬ್ಬೆಟ್ಟು' ಎಂದು ಬರೆದಿದ್ದ. ಸಿದ್ದಯ್ಯನ ಬೆರಳು 'ಎಡ ಹೆಬ್ಬೆಟ್ಟು' ಎಂದಿದ್ದ ಒಂದೇ ಒಂದು ಸಾಲಿನಲ್ಲಿ ನಿಂತಿತು.

"ಸಾರ್, ಹೆಂಗಸ್ರು ಬಲಗೈ ಒತ್ತೋದು, ಗಂಡಸ್ರು ಎಡಗೈ. ಈ ಕೆಂಚಮ್ಮ ಯಾಕೆ ಎಡಗೈ ಒತ್ತವ್ಳೆ?"

ಮೂವತ್ತು ವರ್ಷದಿಂದ ಕಂಡದ್ದನ್ನು ಕಂಡಂತೆ ಬರೆದು ರೂಢಿಯಾದ ಕೈ ರಾಮಯ್ಯನದು. ಹೆಸರನ್ನು ಸುಳ್ಳು ಬರೆದಿದ್ದ, ಹೆಬ್ಬೆಟ್ಟನ್ನು ಮಾತ್ರ ನಿಜ ಬರೆದುಬಿಟ್ಟಿದ್ದ. ಆ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಹಳೆಯ ಕತ್ತಿಯೇಟಿನದು. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಪುಸ್ತಕ ವಶಪಡಿಸಿಕೊಂಡರು.

ಮಧ್ಯಾಹ್ನ ಅಂಚೆ ಕಚೇರಿಯಲ್ಲಿ ಮಾಸಾಶನದ ರಸೀದಿಗಳನ್ನು ತೆಗೆಸಿದರು. ಲಕ್ಕಯ್ಯನ ಎಡ ಹೆಬ್ಬೆಟ್ಟು, ನಡುವೆ ಅದೇ ಗೆರೆ. ಪಂಚಾಯಿತಿಯ ದಾಖಲೆ ಉಳಿದದ್ದನ್ನು ಹೇಳಿತು: ಕೆಂಚಮ್ಮ ಲಕ್ಕಯ್ಯನ ತಾಯಿ, ತೀರಿಕೊಂಡು ಮೂರು ವರ್ಷ.

12ರ ಬೆಳಿಗ್ಗೆ ಜೀಪು ಮನೆ ಮುಂದೆ ನಿಂತಾಗ ಲಕ್ಕಯ್ಯ ಜಗಲಿಯ ಮೇಲೆ ಊರುಗೋಲು ಹಿಡಿದು ಕೂತಿದ್ದ.

"ನಿಮ್ಮಮ್ಮನ ಹೆಸರಲ್ಲಿ ಕೆಲಸ ಮಾಡಿದ್ದು ನೀನೇನಾ?"

"ಹೂಂ ಸಾರ್, ನಾನೇ."

"ಯಾಕೆ?"

"ಕಾಲು ಹೋಗೈತೆ, ಕೈ ಐತಲ್ಲ ಸಾರ್. ಮಾಸಾಶನ ಅಕ್ಕಿಗೇ ಸಾಲಲ್ಲ. ನನ್ ಹೆಸ್ರು ಬರ್ಸಿದ್ರೆ ಕಾರ್ಡ್ ಹೋಯ್ತದೆ. ಕಾರ್ಡ್ ಹೋದ್ರೆ ಇವ್ಳು ಹೋಯ್ತಾಳೆ."

ಬಾಗಿಲಲ್ಲಿ ಅವನ ಹೆಂಡತಿ ಜಗದಾಂಬ ನಿಂತಿದ್ದಳು. ನಿಂತದ್ದಕ್ಕೇ ಏದುಸಿರು. ಅದೇ ಕಾರ್ಡಿನ ಮೇಲೆ ಇದೇ ತಿಂಗಳ 23ಕ್ಕೆ ಅವಳ ಹೃದಯದ ಆಪರೇಷನ್ ಗೊತ್ತುಮಾಡಿದ್ದರು.

"ಪಿಂಚಣಿಯವರನ್ನ ಕೇಳಿ ಮಾಡಬೇಕಿತ್ತು," ಎಂದರು ಪ್ರತಾಪ್.

"ಕೇಳಿದ್ದೆ ಸಾರ್. ಯಾರೂ ಏನೂ ಹೇಳ್ಲಿಲ್ಲ."

ಎಲ್ಲ ಆರೋಪಿಗಳೂ ಹೀಗೇ ಹೇಳುತ್ತಾರೆ. ಹತ್ತು ನಲವತ್ತಕ್ಕೆ ದಸ್ತಗಿರಿಯಾಯಿತು. ರೈಟರ್ ರಾಮಯ್ಯ ಎರಡನೇ ಆರೋಪಿಯಾದ.

"ಇಪ್ಪತ್ಮೂರಕ್ಕೆ ಇವ್ರು ಬತ್ತಾರಾ ಸ್ವಾಮಿ?" ಎಂದಳು ಜಗದಾಂಬ. ಜೀಪು ಬೇಗ ಸ್ಟಾರ್ಟ್ ಆಗಲಿಲ್ಲವೆಂದು ಪ್ರತಾಪ್ ಸಿದ್ದಯ್ಯನ ಮೇಲೆ ರೇಗಿದರು.

ಮರುದಿನವೇ ಕಾರ್ಡು ಅಮಾನತಾಯಿತು. 16ರಂದು ತನಿಖೆಗೆ ಕೇಳಿದ್ದ ಪಿಂಚಣಿಯ ಕಡತ ಠಾಣೆಗೆ ಬಂತು. ಅದರ ತಳದಲ್ಲಿ 2007ರ ಡಿಸೆಂಬರಿನ ಒಂದು ಅರ್ಜಿ, ಯಾರಿಂದಲೋ ಬರೆಸಿದ್ದು. 'ಕೂತು ಮಾಡುವ ಕೆಲಸ ಸಿಕ್ಕಿದೆ. ಮಾಡಿದರೆ ಕಾರ್ಡು ಉಳಿಯುತ್ತದೆಯೇ, ದಯವಿಟ್ಟು ತಿಳಿಸಬೇಕು.' ಕೆಳಗೆ ಎಡ ಹೆಬ್ಬೆಟ್ಟು, ನಡುವೆ ಬಿಳಿ ಗೆರೆ. ಸ್ವೀಕರಿಸಿದ ಮೊಹರಿತ್ತು. ಉತ್ತರ ಇರಲಿಲ್ಲ. ಹದಿನಾಲ್ಕು ತಿಂಗಳು ಈ ಅರ್ಜಿಯನ್ನು ಓದದವರು ಮೂಗರ್ಜಿಯನ್ನು, ಅದು ಬಂದ ನಾಲ್ಕೇ ದಿನದಲ್ಲಿ ಓದಿ ಠಾಣೆಗೆ ತಂದಿದ್ದರು.

ಪ್ರತಾಪ್ ಪಿಂಚಣಿ ವಿಭಾಗಕ್ಕೆ ಫೋನು ಮಾಡಿ, ಕಾರ್ಡಿನ ಅಮಾನತು ತೆಗೆಯಿರಿ ಎಂದು ಕೂಗಾಡಿದರು. "ಕೇಸಾದ ಮೇಲೆ ನಮ್ಮ ಕೈಯಲ್ಲಿ ಏನಿಲ್ಲ ಸಾರ್," ಎಂದರು ಆ ಕಡೆಯ ಗುಮಾಸ್ತರು. ಪ್ರತಾಪ್ ಫೋನು ಕುಕ್ಕಿದರು.

"ಈ ಅರ್ಜೀನ ಕೋರ್ಟಿನ ಕಡತದಲ್ಲಿ ಎಲ್ಲಿ ಸೇರಿಸ್ಲಿ ಸಾರ್?" ಸಿದ್ದಯ್ಯ ಕೇಳಿದ.

"ಎಲ್ಲಕ್ಕಿಂತ ಮೇಲೆ. ಜಡ್ಜ್ ಮೊದಲು ಅದನ್ನೇ ಓದಲಿ."

ಲಕ್ಕಯ್ಯನ ಜಾಮೀನು ಅರ್ಜಿ ಫೆಬ್ರವರಿ 24ಕ್ಕೆ ವಿಚಾರಣೆಗೆ ನಿಗದಿಯಾಗಿತ್ತು.