ಗುಂಡನ ಪಾಲಿನ ಮೀನು

ನಾನು ಹೇಳುವುದೆಲ್ಲ ಹತ್ತು ಪಟ್ಟು ಜಾಸ್ತಿ ಅಂತ ಮಗಳು ಪಾವನಾ ನಗುತ್ತಾಳೆ. ಇದಕ್ಕೆ ಮಾತ್ರ ನಾನು ಒಂದು ಸಾಸಿವೆಯಷ್ಟೂ ಸೇರಿಸಿಲ್ಲ.

ಮಲಯಾಳ ಸೀಮೆಯ ತುಂಬಾ ಅನ್ನುವ ಕಡಲೂರಿನ ಮನೆಯಲ್ಲಿ ನಮ್ಮ ನಾಯಿ ಗುಂಡನಿಗೆ ಕಿಡ್ನಿ ಹೋಯಿತು. ಡಾಕ್ಟರು ಸಾಕು ಅಂದರೂ ಪಾವನಾ ಬಿಡಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಅವಳು ಡ್ರಿಪ್ ಹಾಕುತ್ತಿದ್ದಳು, ನಾನು ಕಾಲು ಅದುಮಿ ಹಿಡಿಯುತ್ತಿದ್ದೆ. ನಮ್ಮ ಯಜಮಾನರಿಗೂ ಅಷ್ಟು ಸೂಜಿ ಚುಚ್ಚಿರಲಿಲ್ಲ. ಮೊಸರನ್ನದಲ್ಲೇ ಬೆಳೆದ ಗುಂಡ ಕೊನೆಗೆ ಅದನ್ನೂ ಮೂಸಲಿಲ್ಲ. ಮೀನು ಮಾರುವ ಫಿಲೋಮಿನಾ ಬಂದರೆ ಮಾತ್ರ ತಲೆ ಎತ್ತುತ್ತಿದ್ದ.

"ಅಮ್ಮಚ್ಚೀ, ಪಾವಂ, ಪಾಪ! ಸಾಯೋ ಜೀವ, ಒಂದು ಮತ್ತಿ ಮೀನು ಹಾಕಿ," ಅಂದಳು ಅವಳು ಒಂದು ದಿನ.

"ಬ್ರಾಹ್ಮಣರ ನಾಯಿ ಕಣೇ ಇದು, ಜನಿವಾರ ಹಾಕಿಲ್ಲ ಅಷ್ಟೆ!" ಅಂತ ತಮಾಷೆ ಮಾಡಿ ಬಾಗಿಲು ಹಾಕಿದೆ.

ಮಾರನೇ ದಿನ, ಡ್ರಿಪ್ ಹನಿಯುತ್ತಿರುವಾಗಲೇ, ಗುಂಡ ನನ್ನ ಕೈಯಲ್ಲಿ ಹೋದ.

ಅವತ್ತಿನಿಂದ ನಾಲ್ಕಾದರೆ ಅವನು ಮಲಗುತ್ತಿದ್ದ ಮೂಲೆಯ ನೆಲ ತಣ್ಣಗೆ ಕೊರೆಯುತ್ತದೆ. ಬಾಟಲಿ ಎಸೆದಾಗಿದೆ, ಹನಿ ಬೀಳುವ ಸದ್ದು ನಿಂತಿಲ್ಲ. ನನ್ನ ಅಂಗೈಯೊಳಗೆ ಅವನ ಕಾಲು ಕೊಸರುತ್ತದೆ.

ತಡೆಯಲಾರದೆ ಫಿಲೋಮಿನಾಳ ಹತ್ತಿರ ಒಂದು ಮತ್ತಿ ಇಸಿದುಕೊಂಡೆ.

"ಅಮ್ಮಾ, ನೀನು ಮೀನು ಮುಟ್ಟಿದ್ಯಾ?" ಪಾವನಾ ಬೆಚ್ಚಿದಳು.

"ಸಾಯುವಾಗಲೂ ಬಿಡದೆ ಅವನ ಕಾಲು ಅದುಮಿದ ಕೈ ಇದು. ಇದಕ್ಕಿಂತ ಮೈಲಿಗೆ ಇನ್ನೇನಿದೆ?" ಅಂದೆ.

ಗುಂಡನ ತಟ್ಟೆಯಲ್ಲಿ ಹಾಕಿ ಅಂಗಳದಲ್ಲಿಟ್ಟೆ.

ಇವತ್ತಿಗೆ ನಾಲ್ಕು ದಿನ. ಬೆಕ್ಕು, ಕಾಗೆ ದೂರ ನಿಂತು ನೋಡುತ್ತವೆ. ಇರುವೆ ಹತ್ತಿಲ್ಲ, ನಾತ ಬಂದಿಲ್ಲ. ಈಗಷ್ಟೇ ಯಾರೋ ನೆಕ್ಕಿದ ಹಾಗೆ ಮೀನಿನ ಮೈ ಇನ್ನೂ ಒದ್ದೆಯಾಗೇ ಇದೆ.